ಕೈ ಹಿಡಿದವರ ಋಣ

ನಮ್ಮ ಕಾಲೇಜಿನ ಅಸೆಂಬ್ಲಿಯಲ್ಲಿ ಆಗಾಗ ಸಾಧಕರ ಕಥೆ ಹೇಳುತ್ತಾರೆ. ಇದು ಒಳ್ಳೆಯ ರೂಢಿ. ಆದರೆ ಎರಡು ವರ್ಷ ಕೇಳುತ್ತಾ ಬಂದ ಮೇಲೆ ನನಗೆ ಒಂದು ವಿಷಯ ಗಮನಕ್ಕೆ ಬಂತು. ಹೆಚ್ಚಿನ ಕಥೆಗಳು ಒಂದೇ ಅಚ್ಚಿನಲ್ಲಿರುತ್ತವೆ. ಬಡ ಮನೆ, ಅರೆಹೊಟ್ಟೆ, ಹರಿದ ಚಪ್ಪಲಿ, ಛಲ, ಕೊನೆಗೆ ದೊಡ್ಡ ಕಂಪನಿ ಅಥವಾ ದೊಡ್ಡ ಹುದ್ದೆ. ನೀತಿಯೂ ಒಂದೇ: ಕೈ ಕೆಸರಾದರೆ ಬಾಯಿ ಮೊಸರು.

ಈ ನೀತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ಸತ್ಯ ಎಂಬುದು ನನ್ನ ಅಭಿಪ್ರಾಯ. ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೀನಿನ ದಕ್ಕೆಗೆ ಹೋಗುವ ತಂದೆಯಂದಿರಿದ್ದಾರೆ. ಅವರಿಗಿಂತ ಹೆಚ್ಚು ಕಷ್ಟಪಟ್ಟವರು ಯಾರು? ಅವರ ಕೈ ದಿನವೂ ಕೆಸರಾಗುತ್ತದೆ, ಮೊಸರು ಮಾತ್ರ ಬರುವುದಿಲ್ಲ. ಕಷ್ಟವೊಂದೇ ಮನುಷ್ಯನನ್ನು ಮೇಲಕ್ಕೆತ್ತುವುದಾದರೆ ಮೊದಲು ಮೇಲೆ ಬರಬೇಕಾದವರು ಅವರೇ. ಹಾಗಾದರೆ ಸಾಧಕರ ಕಥೆಯಲ್ಲಿ ನಾವು ಏನನ್ನು ಬಿಟ್ಟು ಹೇಳುತ್ತಿದ್ದೇವೆ?

ಪಿ.ಸಿ. ಮುಸ್ತಫಾ ಅವರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಅಂಗಡಿಯ ಫ್ರಿಜ್‌ನಲ್ಲಿ ಸಿಗುವ 'ಐಡಿ' ಇಡ್ಲಿ-ದೋಸೆ ಹಿಟ್ಟಿನ ಕಂಪನಿಯನ್ನು ಕಟ್ಟಿದವರು ಅವರು. ಊರು ಕೇರಳದ ವಯನಾಡಿನ ಚೆನ್ನಲೋಡು. ತಂದೆ ತೋಟದ ಕೂಲಿ ಕೆಲಸಗಾರರು. ಊರಲ್ಲಿ ಪ್ರಾಥಮಿಕ ಶಾಲೆ ಮಾತ್ರ ಇತ್ತು, ಮುಂದೆ ಓದಬೇಕಾದರೆ ಕಿಲೋಮೀಟರ್‌ಗಟ್ಟಲೆ ನಡೆಯಬೇಕಿತ್ತು. ಮುಸ್ತಫಾ ಆರನೇ ತರಗತಿಯಲ್ಲಿ ಫೇಲಾದರು. ಶಾಲೆ ಬಿಟ್ಟು ತಂದೆಯ ಜೊತೆ ಕೂಲಿಗೆ ಹೊರಟರು.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯದಿರಲು ಕಾರಣ ಒಬ್ಬ ಗಣಿತದ ಮೇಷ್ಟ್ರು. ಅವರು ಹುಡುಗನ ತಂದೆಯ ಬಳಿ ಮಾತಾಡಿ ಇನ್ನೊಂದು ಅವಕಾಶ ಕೊಡಿ ಎಂದು ಒಪ್ಪಿಸಿದರು. ಕೂಲಿಯಾಗುತ್ತೀಯಾ, ನನ್ನ ಹಾಗೆ ಮೇಷ್ಟ್ರಾಗುತ್ತೀಯಾ ಎಂದು ಅವರು ಕೇಳಿದ್ದನ್ನು ಮುಸ್ತಫಾ ಅನೇಕ ಸಲ ನೆನಪಿಸಿಕೊಂಡಿದ್ದಾರೆ. ತನಗಿಂತ ಚಿಕ್ಕವರ ಜೊತೆ ಅದೇ ತರಗತಿಯಲ್ಲಿ ಮತ್ತೆ ಕೂರುವುದು ಸುಲಭವಲ್ಲ. ಮೇಷ್ಟ್ರು ಶಾಲೆಯ ಸಮಯ ಮುಗಿದ ಮೇಲೂ ಪಾಠ ಹೇಳಿಕೊಟ್ಟರು. ಫೇಲಾಗಿದ್ದ ಹುಡುಗ ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲಿಗನಾದ. ಮುಂದೆ ಕೋಝಿಕ್ಕೋಡಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಇಂದಿನ ಎನ್‌ಐಟಿಯಲ್ಲಿ, ಕಂಪ್ಯೂಟರ್ ವಿಜ್ಞಾನ ಓದಿದ. ನಂತರ ಬೆಂಗಳೂರು, ಐರ್ಲೆಂಡ್ ಮತ್ತು ದುಬೈಯಲ್ಲಿ ನೌಕರಿ.

ಇಲ್ಲಿ ಹುಡುಗನ ಛಲ ಇತ್ತು, ನಿಜ. ಆದರೆ ಛಲ ತೋರಿಸಲು ಅವನಿಗೆ ಮತ್ತೊಂದು ಬೆಂಚು ಸಿಕ್ಕಿದ್ದು ಇನ್ನೊಬ್ಬರು ಬಂದು ಕೈ ಹಿಡಿದ ಕಾರಣ. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ ಶಾಲೆ ಬಿಟ್ಟ ಇನ್ನೂ ಎಷ್ಟೋ ಮಕ್ಕಳಿದ್ದಿರಬೇಕು. ಅವರ ಕಥೆಯನ್ನು ಯಾರೂ ವೇದಿಕೆಯಲ್ಲಿ ಹೇಳುವುದಿಲ್ಲ. ಅವರಲ್ಲಿ ಛಲ ಇರಲಿಲ್ಲ ಎಂದು ಹೇಳಲು ನಾವು ಯಾರು?

ಮುಸ್ತಫಾ 2003ರಲ್ಲಿ ಗಲ್ಫಿನ ಒಳ್ಳೆಯ ಸಂಬಳ ಬಿಟ್ಟು ಊರಿಗೆ ಮರಳಿದರು. ಬೆಂಗಳೂರಿನ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿದರು. ಅಲ್ಲಿಯೇ ಅವರ ಸೋದರ ಸಂಬಂಧಿಗಳ ಕಿರಾಣಿ ಅಂಗಡಿ ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ರಬ್ಬರ್ ಬ್ಯಾಂಡ್ ಹಾಕಿ ಮಾರುವ ದೋಸೆ ಹಿಟ್ಟಿನ ಗುಣಮಟ್ಟದ ಬಗ್ಗೆ ಗಿರಾಕಿಗಳು ದೂರುತ್ತಾರೆ ಎಂಬುದನ್ನು ಗಮನಿಸಿದ್ದು ಅಂಗಡಿಯಲ್ಲಿ ನಿಂತ ಆ ಸೋದರರೇ. 2005ರಲ್ಲಿ 50 ಚದರ ಅಡಿಯ ಕೋಣೆಯಲ್ಲಿ ಗ್ರೈಂಡರ್, ಮಿಕ್ಸರ್, ತಕ್ಕಡಿ ಇಟ್ಟು ಎಲ್ಲರೂ ಸೇರಿ ಕೆಲಸ ಶುರು ಮಾಡಿದರು. ದಿನಕ್ಕೆ 100 ಪ್ಯಾಕೆಟ್ ಮಾರುವ ಗುರಿ ಮುಟ್ಟಲು ಒಂಬತ್ತು ತಿಂಗಳು ಬೇಕಾಯಿತು. 2017ರಲ್ಲಿ ಇದೇ ಕಂಪನಿಯಲ್ಲಿ ಅಝೀಂ ಪ್ರೇಮ್‌ಜಿ ಅವರ ಹೂಡಿಕೆ ಸಂಸ್ಥೆ 150 ಕೋಟಿ ರೂಪಾಯಿ ಹೂಡಿತು.

ಆದರೆ ನನಗೆ ಮುಖ್ಯವೆನಿಸುವುದು ಕೋಟಿಯ ಲೆಕ್ಕವಲ್ಲ. ತನ್ನ ಊರಿನಂಥ ಹಳ್ಳಿಗಳ ಯುವಕರಿಗೆ ಕೆಲಸ ಕೊಡಬೇಕು ಎಂಬುದು ತಾನು ಮರಳಿ ಬಂದದ್ದಕ್ಕೆ ಒಂದು ಕಾರಣ ಎಂದು ಮುಸ್ತಫಾ ಹೇಳಿದ್ದಾರೆ. ಅಂದರೆ ಮೇಷ್ಟ್ರಿಂದ ಪಡೆದದ್ದನ್ನು ಅವರು ಹಳೆಯ ನೆನಪಾಗಿ ಇಟ್ಟುಕೊಳ್ಳಲಿಲ್ಲ, ಸಾಲ ಎಂದುಕೊಂಡರು. ಆ ಸಾಲವನ್ನು ಮೇಷ್ಟ್ರಿಗಲ್ಲ, ಮುಂದಿನವರಿಗೆ ತೀರಿಸಲು ಹೊರಟರು. ಸಮಾಜಮುಖಿ ಉದ್ಯಮಿ ಎಂದರೆ ಯಾರು ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ತನ್ನ ಕೈ ಹಿಡಿದವರ ಋಣವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡವನು.

ಇದಕ್ಕೆ ದೊಡ್ಡ ಕಂಪನಿಯೇ ಬೇಕೆಂದಿಲ್ಲ. ನಮ್ಮ ಜಿಲ್ಲೆಯ ಹರೇಕಳ ಹಾಜಬ್ಬರ ಬಂಡವಾಳ ಒಂದು ಬುಟ್ಟಿ ಕಿತ್ತಳೆ. ಶಾಲೆಯ ಮೆಟ್ಟಿಲು ಹತ್ತದ ಅವರು ಮಂಗಳೂರಿನ ಬಸ್ ನಿಲ್ದಾಣದಲ್ಲಿ ಹಣ್ಣು ಮಾರುತ್ತಿದ್ದರು. ಒಮ್ಮೆ ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಅವರಿಗೆ ಉತ್ತರಿಸಲಾಗಲಿಲ್ಲ. ಆ ನೋವು ಅವರನ್ನು ಬಿಡಲಿಲ್ಲ. ಅದರಿಂದ ಅವರು ಕಲಿತ ಪಾಠ "ನಾನು ಇಂಗ್ಲಿಷ್ ಕಲಿತು ದೊಡ್ಡ ವ್ಯಾಪಾರಿಯಾಗಬೇಕು" ಎಂಬುದಲ್ಲ. "ನನ್ನ ಊರಿನ ಮಕ್ಕಳಿಗೆ ಈ ಅವಮಾನ ಬರಬಾರದು" ಎಂಬುದು.

ಅವರ ಊರು ನ್ಯೂಪಡ್ಪುವಿನಲ್ಲಿ ಶಾಲೆ ಇರಲಿಲ್ಲ. ಕಿತ್ತಳೆಯ ಗಳಿಕೆಯಲ್ಲಿ ಉಳಿಸುತ್ತಾ, ಕಚೇರಿಯಿಂದ ಕಚೇರಿಗೆ ಅಲೆಯುತ್ತಾ, ದಾನಿಗಳನ್ನು ಕೇಳುತ್ತಾ ಅವರು ಶಾಲೆ ತಂದರು. 1999ರಲ್ಲಿ ಮದ್ರಸದ ಕಟ್ಟಡದಲ್ಲಿ 28 ಮಕ್ಕಳಿಂದ ಆರಂಭವಾದ ಆ ಶಾಲೆ ಮುಂದೆ ಪ್ರೌಢಶಾಲೆಯಾಗಿ ಬೆಳೆಯಿತು. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ ಹಾಜಬ್ಬ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. 2021ರ ನವೆಂಬರ್‌ನಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪ್ರಶಸ್ತಿ ಪಡೆದರು. ಆ ಮೇಲೂ ಅವರು ಕೇಳಿದ್ದು ತನಗೊಂದು ಮನೆಯನ್ನಲ್ಲ, ಊರಿಗೊಂದು ಪಿಯು ಕಾಲೇಜನ್ನು. ನಾವು ಬಸ್ಸು ಹತ್ತಿ ಬಂದು ಕೂರುವ, ಕೆಲವೊಮ್ಮೆ ಬಂಕ್ ಮಾಡುವ ಪಿಯು ಕಾಲೇಜು ಇನ್ನೊಬ್ಬರ ಜೀವಮಾನದ ಬೇಡಿಕೆ ಎಂಬುದನ್ನು ನಾವು ಮರೆಯಬಾರದು.

ಇದು ನಮಗೆ ಹೊಸ ವಿಚಾರವೇನಲ್ಲ. ಪ್ರವಾದಿ ಮುಹಮ್ಮದ್(ಸ) ಹುಟ್ಟುವ ಮೊದಲೇ ತಂದೆಯನ್ನು, ಆರನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಮೊದಲು ಅಜ್ಜ, ನಂತರ ತಂದೆಯ ಸೋದರ ಅಬೂತಾಲಿಬ್ ಅವರನ್ನು ಸಾಕಿದರು. ಯೌವನದಲ್ಲಿ ಅವರ ಮೇಲೆ ನಂಬಿಕೆಯಿಟ್ಟು ತನ್ನ ಸರಕನ್ನು ಒಪ್ಪಿಸಿದ್ದು ಖದೀಜಾ(ರ) ಎಂಬ ಮಹಿಳಾ ವ್ಯಾಪಾರಿ. ಕುರ್‌ಆನಿನ 93ನೇ ಅಧ್ಯಾಯ ಅದ್ದುಹಾದಲ್ಲಿ ಅಲ್ಲಾಹನು ಅವರ ಅನಾಥ ಬಾಲ್ಯವನ್ನು, ಆಶ್ರಯ ಸಿಕ್ಕಿದ್ದನ್ನು ನೆನಪಿಸುತ್ತಾನೆ. ನೆನಪಿಸಿದ್ದು ಹೆಮ್ಮೆಪಡಲೆಂದಲ್ಲ. ಆ ಮಾತಿನ ಬೆನ್ನಿಗೇ ಅನಾಥನನ್ನು ದಬ್ಬಾಳಿಕೆಗೆ ಒಳಪಡಿಸಬಾರದು, ಕೇಳಿ ಬಂದವನನ್ನು ಗದರಬಾರದು ಎಂಬ ಆದೇಶ ಇದೆ. ಹಳೆಯ ಕಷ್ಟದ ನೆನಪು ಇಂದಿನ ಜವಾಬ್ದಾರಿಯಾಗಬೇಕು ಎಂಬುದೇ ಇದರ ಅರ್ಥ ಎಂದು ನಾನು ತಿಳಿದಿದ್ದೇನೆ.

ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಪ್ರಥಮ ಪಿಯುಸಿಯಲ್ಲಿ ವ್ಯವಹಾರದ ಸಾಮಾಜಿಕ ಜವಾಬ್ದಾರಿ ಎಂಬ ಪಾಠ ಓದುತ್ತೇವೆ. ನಿರ್ದಿಷ್ಟ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡಾ 2ನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಝಕಾತ್ ಕೂಡ ಮಿತಿ ದಾಟಿದ ಸಂಪತ್ತಿನ ಮೇಲೆ ಶೇಕಡಾ 2.5. ಇವೆರಡೂ ಕಡ್ಡಾಯದ ಮಾತು. ಆದರೆ ಸಮಾಜಮುಖಿ ಉದ್ಯಮ ಎಂದರೆ ಲಾಭ ಬಂದ ಮೇಲೆ ಒಂದು ಪಾಲು ಕೊಡುವುದಷ್ಟೇ ಅಲ್ಲ. ಲಾಭ ಹೇಗೆ ಬಂತು ಎಂದೂ ಕೇಳಬೇಕು. ಯಾರಿಗೆ ಕೆಲಸ ಕೊಟ್ಟೆ? ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಟ್ಟೆಯಾ? ತೂಕ ಸರಿಯಿತ್ತೇ? ಕೂಲಿಯನ್ನು ಬಾಕಿಯಿಟ್ಟು ರಮಳಾನಿನಲ್ಲಿ ಕಿಟ್ ಹಂಚಿದರೆ ಅದು ದಾನದಂತೆ ಕಾಣಬಹುದು, ನ್ಯಾಯವಾಗುವುದಿಲ್ಲ.

ಈ ಮಾತಿಗೆ ಗೆಳೆಯರು ಎರಡು ಆಕ್ಷೇಪ ಎತ್ತುತ್ತಾರೆ. ಒಂದು, "ಮೊದಲು ನಾವು ಬೆಳೆಯೋಣ, ಆಮೇಲೆ ಕೊಡೋಣ." ಹಾಜಬ್ಬರು ಹಾಗೆ ಯೋಚಿಸಿದ್ದರೆ ನ್ಯೂಪಡ್ಪುವಿನಲ್ಲಿ ಇಂದಿಗೂ ಅವರ ಶಾಲೆ ಇರುತ್ತಿರಲಿಲ್ಲ. ಝಕಾತಿಗೆ ಮಿತಿ ಇದೆ, ಸದಕಾಗೆ ಮಿತಿ ಇಲ್ಲ. ಇನ್ನೊಂದು, "ವ್ಯಾಪಾರ ಮಾಡುವುದು ಲಾಭಕ್ಕೆ, ಸಮಾಜಸೇವೆಗೆ ಅಲ್ಲ." ಇದರಲ್ಲಿ ಸತ್ಯವಿದೆ. ನಷ್ಟದಲ್ಲಿ ಮುಚ್ಚಿದ ಕಾರ್ಖಾನೆ ಯಾರ ಮನೆಯ ಒಲೆಯನ್ನೂ ಉರಿಸುವುದಿಲ್ಲ. ಮುಸ್ತಫಾ ಹಿಟ್ಟನ್ನು ಪುಕ್ಕಟೆ ಹಂಚಲಿಲ್ಲ, ಚೆನ್ನಾಗಿ ಮಾಡಿ ಮಾರಿದರು. ಆದ್ದರಿಂದ ಸೇವಾ ಮನೋಭಾವ ಇದ್ದರೆ ಸಾಕು, ಅಕೌಂಟೆನ್ಸಿ ಬೇಡ ಎಂದು ನಾನು ಹೇಳುತ್ತಿಲ್ಲ. ಲೆಕ್ಕವೂ ಗೊತ್ತಿರಬೇಕು, ಋಣವೂ ನೆನಪಿರಬೇಕು.

ಈಗ ನಮ್ಮ ಕಾಲೇಜಿನ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ನನ್ನ ತರಗತಿಯಲ್ಲಿದ್ದ ಇಬ್ಬರು ಈ ವರ್ಷ ನಮ್ಮ ಜೊತೆ ಇಲ್ಲ. ಪ್ರಥಮ ಪಿಯುಸಿಯಲ್ಲಿ ಫೇಲಾದ ಮೇಲೆ ಒಬ್ಬ ಮೊಬೈಲ್ ಅಂಗಡಿ ಸೇರಿದ. ಇನ್ನೊಬ್ಬ ಪಾಸ್‌ಪೋರ್ಟ್ ಮಾಡಿಸಿ ಗಲ್ಫಿಗೆ ಹೋಗುವ ತಯಾರಿಯಲ್ಲಿದ್ದಾನೆ. ದುಡಿಯುವುದು ತಪ್ಪಲ್ಲ. ಆದರೆ ಮೊಬೈಲ್ ಅಂಗಡಿಯ ಹುಡುಗ ಬಾಯಿಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿದ್ದ. ಕನ್ನಡ ಮಾಧ್ಯಮದಿಂದ ಬಂದ ಅವನು ಸೋತದ್ದು ಲೆಕ್ಕದಲ್ಲಿ ಅಲ್ಲ, ಲೆಕ್ಕದ ಇಂಗ್ಲಿಷಿನಲ್ಲಿ. ಸವಕಳಿ ಎಂದರೆ ಅರ್ಥವಾಗುತ್ತಿದ್ದವನಿಗೆ ಡಿಪ್ರಿಸಿಯೇಶನ್ ಎಂದಾಗ ಅರ್ಥವಾಗಲಿಲ್ಲ. ಬುಟ್ಟಿ ಹಿಡಿದು ನಿಂತ ಹಾಜಬ್ಬರನ್ನು ತಡೆದ ಗೋಡೆಯೇ ನಮ್ಮ ತರಗತಿಯ ಒಳಗೂ ಇದೆ.

ಹುಡುಗಿಯರ ವಿಷಯದಲ್ಲಿ ಇನ್ನೂ ಬೇಗ ಬಾಗಿಲು ಮುಚ್ಚುತ್ತದೆ. ಹುಡುಗ ಫೇಲಾದರೆ ಕೆಲಸ ಹುಡುಕುತ್ತಾರೆ, ಹುಡುಗಿ ಫೇಲಾದರೆ ವರ ಹುಡುಕುತ್ತಾರೆ. ಅವಳಿಗೆ ಇನ್ನೊಂದು ಅವಕಾಶ ಕೊಡಿ ಎಂದು ಮನೆಗೆ ಬಂದು ಹೇಳುವವರು ಬೇಕು.

ಆದ್ದರಿಂದ ವಿದ್ಯಾರ್ಥಿ ಸಂಘದ ಮುಂದೆ, ಉಪನ್ಯಾಸಕರ ಮುಂದೆ ಮೂರು ಸಲಹೆ ಇಡುತ್ತೇನೆ. ಒಂದು, ಫಲಿತಾಂಶ ಬಂದ ಒಂದು ವಾರದೊಳಗೆ ಅನುತ್ತೀರ್ಣರಾದ ಪ್ರತಿಯೊಬ್ಬರ ಮನೆಗೂ ಒಬ್ಬ ಉಪನ್ಯಾಸಕರು ಮತ್ತು ಇಬ್ಬರು ಸಹಪಾಠಿಗಳು ಹೋಗಬೇಕು. ದ್ವಿತೀಯ ಪಿಯುಸಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಎಷ್ಟೋ ಮನೆಗಳಲ್ಲಿ ಇದು ಇನ್ನೂ ಗೊತ್ತಿಲ್ಲ. ಎರಡು, ಕನ್ನಡ ಮಾಧ್ಯಮದಿಂದ ಬಂದವರಿಗಾಗಿ ಪ್ರತಿ ವಿಷಯದ ಮುಖ್ಯ ಪದಗಳ ಪಟ್ಟಿಯನ್ನು ಎರಡೂ ಭಾಷೆಯಲ್ಲಿ ಹಿರಿಯ ವಿದ್ಯಾರ್ಥಿಗಳೇ ತಯಾರಿಸಿ ಜೂನ್‌ನಲ್ಲೇ ಕೊಡಬೇಕು. ಇದಕ್ಕೆ ಬೇಕಾದದ್ದು ಕಾಗದ ಮತ್ತು ನಾಲ್ಕು ಭಾನುವಾರ ಮಾತ್ರ. ಮೂರು, ಕಾಲೇಜು ಹಬ್ಬದಲ್ಲಿ ನಾವು ಹಾಕುವ ತಿಂಡಿ ಮಳಿಗೆಗಳ ಲಾಭದಲ್ಲಿ ಒಂದು ಪಾಲನ್ನು ಮರುಪರೀಕ್ಷೆಯ ಶುಲ್ಕಕ್ಕೆಂದು ತೆಗೆದಿಡಬೇಕು. ಜಮಾ-ಖರ್ಚನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬೇಕು, ಸಹಾಯ ಪಡೆದವರ ಹೆಸರನ್ನು ಮಾತ್ರ ಹಾಕಬಾರದು. ನಮ್ಮ ಮೊದಲ ಉದ್ಯಮವೂ ಇದೇ ಆಗಲಿ, ಮೊದಲ ಸಾಮಾಜಿಕ ಜವಾಬ್ದಾರಿಯೂ ಇದೇ ಆಗಲಿ.

ನಮ್ಮಲ್ಲಿ ಮುಂದೆ ಎಷ್ಟು ಮಂದಿ ಉದ್ಯಮಿಗಳಾಗುತ್ತಾರೋ ನಾನು ಹೇಳಲಾರೆ. ಎಲ್ಲರೂ ಕಂಪನಿ ಕಟ್ಟಬೇಕಾಗಿಯೂ ಇಲ್ಲ. ಆದರೆ ಒಬ್ಬ ಹುಡುಗನ ಮನೆಗೆ ಹೋಗಿ, "ಇನ್ನೊಂದು ಪರೀಕ್ಷೆ ಇದೆ, ಬಾ, ಜೊತೆಗೆ ಓದೋಣ" ಎಂದು ಹೇಳಲು ಬಂಡವಾಳ ಬೇಕಿಲ್ಲ. ಮುಂದಿನ ಫಲಿತಾಂಶ ಬಂದ ಮರುದಿನ ಹೊರಡಲು ಸಿದ್ಧರಿರುವವರು ವಿದ್ಯಾರ್ಥಿ ಸಂಘದಲ್ಲಿ ಹೆಸರು ಕೊಡಿ. ಮೊದಲ ಹೆಸರು ನನ್ನದು.