ಅಂಕವಿಲ್ಲದ ಚಿತ್ರ

‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂಬ ಮಾತು ನಮ್ಮ ಕಾಲೇಜಿನಲ್ಲಿ ಆಗಾಗ ಕೇಳಿಬರುತ್ತದೆ. ಜೀವಶಾಸ್ತ್ರದ ರೆಕಾರ್ಡ್‌ನಲ್ಲಿ ಹೃದಯದ ಚಿತ್ರ ಬರೆಯಬೇಕಾದಾಗ ಗೆಳತಿಯ ಕೈಗೆ ಪುಸ್ತಕ ಕೊಡುವವರು ಹೀಗೆ ಹೇಳುತ್ತಾರೆ. ವಾರ್ಷಿಕೋತ್ಸವಕ್ಕೆ ಬೋರ್ಡ್ ಅಲಂಕರಿಸಲು ಕರೆದರೆ ಉಪನ್ಯಾಸಕರೂ ಇದೇ ಮಾತು ಹೇಳಿ ಜಾರಿಕೊಳ್ಳುತ್ತಾರೆ.

ಆದರೆ ಈದ್‌ನ ಹಿಂದಿನ ರಾತ್ರಿ ನೋಡಿ. ಇದೇ ಹುಡುಗಿಯರಲ್ಲಿ ಹಲವರು ಮೆಹಂದಿ ಕೋನ್ ಹಿಡಿದು ತಂಗಿಯ, ಅತ್ತಿಗೆಯ, ಪಕ್ಕದ ಮನೆಯ ಮಕ್ಕಳ ಕೈತುಂಬ ಬಳ್ಳಿ, ಹೂವು, ಜಾಲರಿ ಬಿಡಿಸುತ್ತಾರೆ. ಪೆನ್ಸಿಲ್ ಗುರುತಿಲ್ಲ, ರಬ್ಬರ್ ಇಲ್ಲ. ಹುಡುಗರ ನೋಟ್‌ಬುಕ್‌ನ ಕೊನೆಯ ಪುಟ ತೆರೆದರೆ ಅಲ್ಲಿ ಬೈಕ್, ಕ್ರಿಕೆಟ್ ಬ್ಯಾಟ್, ಬಗೆಬಗೆಯ ಅಕ್ಷರಗಳಲ್ಲಿ ಬರೆದ ತಮ್ಮದೇ ಹೆಸರು. ಇವೆಲ್ಲ ಚಿತ್ರವಲ್ಲದೆ ಮತ್ತೇನು?

ರೆಕಾರ್ಡ್ ಪುಸ್ತಕದ ಮುಂದೆ ತಡೆಯುವ ಕೈ ಅಲ್ಲೇಕೆ ತಡೆಯುವುದಿಲ್ಲ? ಮೆಹಂದಿಗೆ ಯಾರೂ ಅಂಕ ಕೊಡುವುದಿಲ್ಲ. ಗೆರೆ ದಾರಿ ತಪ್ಪಿದರೆ ಅದನ್ನೇ ಒಂದು ಎಲೆ ಮಾಡಿ ಮುಂದೆ ಹೋಗಬಹುದು. ಹೇಗೆ ಬಂದರೂ ಒಂದೆರಡು ವಾರದಲ್ಲಿ ಅಳಿಸಿಹೋಗುತ್ತದೆ. ಅಂದರೆ ನಮ್ಮಲ್ಲಿ ಕಡಿಮೆಯಾಗಿರುವುದು ಪ್ರತಿಭೆಯಲ್ಲ, ಕೆಟ್ಟದಾಗಿ ಬರೆಯಲು ಬೇಕಾದ ಸ್ವಾತಂತ್ರ್ಯ. ಚಿಕ್ಕಂದಿನಲ್ಲಿ ಗೋಡೆಯ ಮೇಲೆ ಗೀಚುವಾಗ ಅದು ಎಲ್ಲರಿಗೂ ಇತ್ತು. ಶಾಲೆಯ ಸ್ಪರ್ಧೆಗಳಲ್ಲಿ ಮೂವರಿಗೆ ಬಹುಮಾನ ಸಿಕ್ಕಿತು. ಉಳಿದವರು ‘ಇದು ನನ್ನದಲ್ಲ’ ಎಂದು ಕಲಿತರು. ಪಿಯುಸಿಗೆ ಬರುವಷ್ಟರಲ್ಲಿ ಡ್ರಾಯಿಂಗ್ ಪಿರಿಯಡ್ ಕೂಡ ಇಲ್ಲವಾಯಿತು.

ವಯಸ್ಸು ಮೀರಿತು ಎನ್ನುವವರು ರವೀಂದ್ರನಾಥ ಟ್ಯಾಗೋರರನ್ನು ನೆನೆಯಬೇಕು. 1913ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದ ಅವರು ಚಿತ್ರಕಲೆಗೆ ಗಂಭೀರವಾಗಿ ಕೈಹಾಕಿದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳ ಗೀಟುಗಳನ್ನು ಒಂದಕ್ಕೊಂದು ಸೇರಿಸುತ್ತ ಹೋದಾಗ ಹಕ್ಕಿ, ಮುಖ, ವಿಚಿತ್ರ ಪ್ರಾಣಿಗಳ ಆಕಾರಗಳು ಮೂಡಿದವು. ಆ ಆಟ ಬೆಳೆದು 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಅಷ್ಟು ಹೆಸರು ಮಾಡಿದ್ದ ಮನುಷ್ಯ ಹೊಸಬನಂತೆ ಗೀಚಲು ನಾಚಲಿಲ್ಲ.

ಜೀವಿಗಳ ಚಿತ್ರ ಬರೆಯಲು ಮನಸ್ಸೊಪ್ಪದವರು ನಮ್ಮಲ್ಲಿದ್ದಾರೆ. ಅವರಿಗೂ ದಾರಿ ಮುಚ್ಚಿಲ್ಲ. ಅಕ್ಷರ, ಹೂಬಳ್ಳಿ, ಜ್ಯಾಮಿತಿ ಇವೆ. ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಗಳಲ್ಲಿ, ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಅಳಿದುಳಿದ ಹೆಂಚುಗಳಲ್ಲಿ ಈ ಕಲೆ ಇಂದಿಗೂ ಕಾಣುತ್ತದೆ. ಕೈವಾರ ತೆಗೆದು ಒಂದು ವೃತ್ತ ಎಳೆಯಿರಿ. ಅದೇ ಅಳತೆಯಲ್ಲಿ ಪರಿಧಿಯ ಮೇಲೆ ಮುಳ್ಳು ಊರುತ್ತ, ವೃತ್ತದ ಒಳಗೆ ಕಂಸ ಎಳೆಯುತ್ತ ಸುತ್ತು ಬನ್ನಿ. ಆರು ದಳದ ಹೂವು ತಾನಾಗಿ ಅರಳುತ್ತದೆ. ಇದಕ್ಕೆ ಯಾವ ಪ್ರತಿಭೆ ಬೇಕು?

ನೀಟ್, ಸಿಇಟಿ ತಲೆಯ ಮೇಲಿರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂದು ಪೋಷಕರು ಕೇಳಬಹುದು. ಚಿತ್ರ ಬರೆದರೆ ಅಂಕ ಹೆಚ್ಚುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ತಪ್ಪಾದೀತೆಂಬ ಭಯಕ್ಕೆ ಗೊತ್ತಿರುವ ಉತ್ತರವನ್ನೂ ಬರೆಯದೆ ಜಾಗ ಖಾಲಿ ಬಿಡುವ ಮಕ್ಕಳನ್ನು, ತರಗತಿಯಲ್ಲಿ ಸಂಶಯ ಕೇಳಲು ಕೈ ಎತ್ತದವರನ್ನು ನಾವು ದಿನವೂ ನೋಡುತ್ತೇವೆ. ತಪ್ಪಿದರೂ ಏನೂ ಕಳೆದುಕೊಳ್ಳದ ಒಂದು ಜಾಗ ಅವರಿಗೆ ವಾರಕ್ಕೊಮ್ಮೆಯಾದರೂ ಬೇಕು.

ಹಾಗಾಗಿ ಒಂದು ಸಲಹೆ. ಶನಿವಾರ ತರಗತಿ ಮುಗಿದ ಮೇಲೆ ಗ್ರಂಥಾಲಯದ ಪಕ್ಕ ಒಂದು ಮೇಜು ಹಾಕೋಣ. ಒಂದು ಬದಿ ಖಾಲಿಯಿರುವ ಹಳೆಯ ಪ್ರಶ್ನೆಪತ್ರಿಕೆಗಳು, ಬಣ್ಣದ ಪೆನ್ಸಿಲ್, ಎರಡು ಕೈವಾರ ಸಾಕು. ಅರ್ಧ ಗಂಟೆ ಮಾತ್ರ. ಬಹುಮಾನವಿಲ್ಲ, ಪ್ರದರ್ಶನವಿಲ್ಲ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವಂತಿಲ್ಲ. ಬರೆದದ್ದನ್ನು ಮನೆಗೆ ಒಯ್ಯಬಹುದು, ಹರಿದು ಬುಟ್ಟಿಗೂ ಹಾಕಬಹುದು. ಒಂದೇ ಷರತ್ತು: ಮೊದಲ ದಿನ ಆ ಮೇಜಿನಲ್ಲಿ ಕೂತು ಗೀಚುವವರು ಉಪನ್ಯಾಸಕರಾಗಿರಬೇಕು. ದೊಡ್ಡವರು ನಾಚಿಕೆ ಬಿಟ್ಟು ಕೂತರೆ ಮಕ್ಕಳು ತಾವಾಗಿ ಬಂದು ಪಕ್ಕದಲ್ಲಿ ಕೂರುತ್ತಾರೆ.