ಹದಿನೆಂಟರ ಎದುರು ಒಂದು

ಬಾಡಿಗೆಯ ಮನೆಗಾಗಿ ಬೀದಿ ಬೀದಿ ಅಲೆದವರಿಗೆ ಒಂದು ಅನುಭವ ಹೊಸದಲ್ಲ. ಬಾಗಿಲಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ ತೂಗುತ್ತಿರುತ್ತದೆ. ಕೇಳಲು ಬಂದವನ ಮುಖ ಕಂಡೊಡನೆ, ಮನೆ ನಿನ್ನೆಯೇ ಹೋಯಿತೆಂಬುದು ಯಜಮಾನನಿಗೆ ನೆನಪಾಗುತ್ತದೆ. ಅಮೆರಿಕದ ಮಿಲ್ವಾಕೀ ನಗರದ ಕಪ್ಪು ಜನರಿಗೆ ಇದು ಒಬ್ಬಿಬ್ಬರ ದುರದೃಷ್ಟವಾಗಿರಲಿಲ್ಲ, ಊರಿನ ಕಟ್ಟಳೆಯೇ ಆಗಿತ್ತು. ಕಣಿವೆಯ ಉತ್ತರಕ್ಕೆ ಅವರ ವಾಸ. ದಕ್ಷಿಣಕ್ಕೆ, ಬಹುಮಟ್ಟಿಗೆ ಪೋಲೆಂಡ್ ಮೂಲದ ಬಿಳಿಯರದು. ನಡುವಣ ಹದಿನಾರನೆಯ ಬೀದಿಯ ಸೇತುವೆ ಆಫ್ರಿಕವನ್ನೂ ಪೋಲೆಂಡನ್ನೂ ಕೂಡಿಸುತ್ತದೆಂದು ಊರಿನವರು ನಗೆಯಾಡುತ್ತಿದ್ದರು. ಸೇತುವೆಯೇನೋ ಇತ್ತು, ಅದನ್ನು ದಾಟಿ ಹೋಗಿ ಒಲೆ ಹೂಡುವಂತಿರಲಿಲ್ಲ.

ಈ ನಗರದ ಸಭೆಗೆ 1956ರಲ್ಲಿ ವೆಲ್ ಫಿಲಿಪ್ಸ್ ಚುನಾಯಿತರಾದರು. ಆ ಸಭೆಯ ಮೊದಲ ಮಹಿಳಾ ಸದಸ್ಯೆ ಆಕೆಯೇ, ಕಪ್ಪು ಜನರಲ್ಲಿ ಮೊದಲಿಗರೂ ಆಕೆಯೇ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ 1951ರಲ್ಲಿಯೇ ಕಾನೂನು ಪದವಿ ಪಡೆದು, ಅಲ್ಲಿಯೂ ಕಪ್ಪು ಮಹಿಳೆಯರಲ್ಲಿ ಮೊದಲಿಗರೆನಿಸಿದ್ದರು.

1962ರಲ್ಲಿ ಆಕೆ ಸಭೆಯ ಮುಂದೆ ಒಂದು ಮಸೂದೆಯನ್ನಿಟ್ಟರು. ಮನೆ ಮಾರುವಾಗಲೂ ಬಾಡಿಗೆಗೆ ಕೊಡುವಾಗಲೂ ಬಣ್ಣ ನೋಡಕೂಡದು. ಇಷ್ಟೇ ಅದರ ಸಾರ. ವಿರೋಧವಾಗಿ ಹದಿನೆಂಟು ಮತಗಳು ಬಿದ್ದುವು, ಪರವಾಗಿ ಒಂದು. ಆ ಒಂದು ಆಕೆಯದೇ. 1967ರ ಹೊತ್ತಿಗೆ ನಾಲ್ಕು ಬಾರಿ ಮಸೂದೆ ಬಂದಿತು, ನಾಲ್ಕು ಬಾರಿಯೂ ಬಿದ್ದಿತು. ನಗರವೊಂದೇ ಇಂಥ ಕಾನೂನು ಮಾಡಿದರೆ ಬಿಳಿಯರು ಹೊರವಲಯಕ್ಕೆ ಹೊರಟುಹೋದಾರು ಎಂಬುದು ಮೇಯರ್ ಹೆನ್ರಿ ಮೈಯರ್ ಅವರ ವಾದ. ಅನ್ಯಾಯಕ್ಕೆ ಎಂದೂ ವಿವೇಕದ ಉಡುಪು ದೊರೆಯದೆ ಹೋಗುವುದಿಲ್ಲ!

ಸಭೆಯೊಳಗೆ ಒಂಟಿಯಾಗಿದ್ದವರಿಗೆ ಬೀದಿಯಲ್ಲಿ ಜೊತೆ ಸಿಕ್ಕಿತು. 1967ರ ಆಗಸ್ಟ್ 28ರಂದು ಜೇಮ್ಸ್ ಗ್ರಾಪಿ ಎಂಬ ಪಾದ್ರಿಯೊಡನೆ ತರುಣ ತರುಣಿಯರು ಆ ಸೇತುವೆಯನ್ನು ದಾಟಿ ನಡೆದರು. ಆಚೆ ದಡದಲ್ಲಿ ಅವರನ್ನು ಎದುರುಗೊಂಡದ್ದು ಕಲ್ಲು, ಬಾಟಲಿ, ಬೈಗುಳ. ಆದರೂ ನಡಿಗೆ ನಿಲ್ಲಲಿಲ್ಲ. ಇನ್ನೂರು ರಾತ್ರಿ ಸಾಗಿತು. ಫಿಲಿಪ್ಸ್ ಅವರೂ ಅವರೊಡನೆ ನಡೆದರು, ಬಂಧನಕ್ಕೂ ಒಳಗಾದರು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತರಾದರು. ಒಂದು ವಾರದಲ್ಲಿ ವಸತಿಯ ತಾರತಮ್ಯವನ್ನು ನಿಷೇಧಿಸುವ ಕಾನೂನು ಇಡೀ ದೇಶಕ್ಕೆ ಬಂದಿತು. ಅದೇ ತಿಂಗಳ 30ರಂದು ಮಿಲ್ವಾಕೀ ಸಭೆಯೂ ತನ್ನದೊಂದು ಕಾನೂನನ್ನು ಒಪ್ಪಿಕೊಂಡಿತು.

ಮುಂದೆ ಆಕೆ ನ್ಯಾಯಾಧೀಶರಾದರು. 1978ರಲ್ಲಿ ಇಡೀ ವಿಸ್ಕಾನ್ಸಿನ್ ರಾಜ್ಯದ ಮತದಾರರು ಆಕೆಯನ್ನು ರಾಜ್ಯದ ಕಾರ್ಯದರ್ಶಿಯಾಗಿ ಆರಿಸಿದರು. 2018ರಲ್ಲಿ ತೀರಿಕೊಂಡರು. ಮಿಲ್ವಾಕೀಯ ಒಂದು ಬೀದಿಗೆ ಆಕೆಯ ಹೆಸರನ್ನಿಟ್ಟಿದ್ದಾರೆ. ಮ್ಯಾಡಿಸನ್‌ನ ರಾಜ್ಯ ಶಾಸನಭವನದ ಅಂಗಳದಲ್ಲಿ 2024ರಲ್ಲಿ ಆಕೆಯ ಪ್ರತಿಮೆಯನ್ನು ನಿಲ್ಲಿಸಿದ್ದಾರೆ.

ಸೋಲು ಖಚಿತವೆಂದು ತಿಳಿದೂ ಮತ ಕೊಡುವವರನ್ನು ಹಟಮಾರಿಗಳೆಂದು ಕರೆಯುವುದು ಲೋಕದ ರೂಢಿ. ಆದರೆ ಆ ಒಂದು ಮತ ಇಲ್ಲದಿದ್ದರೆ ಮಸೂದೆಯೇ ಇರುತ್ತಿರಲಿಲ್ಲ. ಹದಿನೆಂಟು ಮಂದಿ ತಮ್ಮ ‘ಬೇಡ’ವನ್ನು ನಾಲ್ಕು ಸಾರಿ ಬಾಯಿಬಿಟ್ಟು ಹೇಳಬೇಕಾದ ಪ್ರಸಂಗವೂ ಬರುತ್ತಿರಲಿಲ್ಲ. ಮೌನವಾಗಿ ಮುಚ್ಚಿದ್ದ ಬಾಗಿಲನ್ನು ಆಕೆ ನಾಲ್ಕು ಸಾರಿ ಎಲ್ಲರೆದುರಿಗೆ ತಟ್ಟಿದರು. ಬಾಗಿಲು ತೆರೆದ ದಿನ ಜಯಕಾರ ಮಾಡುವವರು ಹಲವರು. ತೆರೆಯದ ದಿನಗಳಲ್ಲಿ ತಟ್ಟುತ್ತ ನಿಂತವರಿಗೆ ಸಲ್ಲಬೇಕಾದ ಗೌರವವೇ ಬೇರೆ.