ಕೋಡಿಯ ದಾರಿ

ಜಗತ್ತಿನ ಹೆಸರಾಂತ ಸರೋವರಗಳನ್ನು ಎಣಿಸಹೊರಟವರು ಮಾನಸವನ್ನೋ ಬೈಕಲನ್ನೋ ಹೇಳಿಯಾರು. ಬೆಂಗಳೂರಿನ ಬೆಳ್ಳಂದೂರು ಕೆರೆ ಆ ಪಂಕ್ತಿಗೆ ಸೇರಿದುದಲ್ಲ. ಆದರೂ ಅದರ ಹೆಸರು ದೇಶಾಂತರಗಳಿಗೆ ಮುಟ್ಟಿತು. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿಯೂ 2018ರಲ್ಲಿಯೂ ಅಲ್ಲಿ ಮತ್ತೆ ಹೊಗೆಯೆದ್ದಿತು. ನೀರಿಗೆ ಬೆಂಕಿ ಬೀಳುವುದೆಂಬುದು ನಮ್ಮ ಹಿರಿಯರಿಗೆ ಅಸಂಭವದ ಮಾತು. ನಮಗೆ ಅದು ವಾರ್ತೆ.

ಇದಕ್ಕೆ ಮೂಲ, ಕೆರೆಯೆಂದರೆ ತಗ್ಗಿನಲ್ಲಿ ನಿಂತ ನೀರು ಎಂದು ನಾವು ಬಗೆದುದೇ ಎಂದು ನನ್ನ ಮತ. ಕೆರೆ ನೀರಷ್ಟೇ ಅಲ್ಲ, ಒಂದು ವ್ಯವಸ್ಥೆ. ಬೆಂಗಳೂರಿನ ಪಕ್ಕದಲ್ಲಿ ಮಹಾನದಿಯಿಲ್ಲ. ಊರು ನಿಂತಿರುವುದು ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಪಡುವಲಿಗೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಮೂಡಲಿನದು ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಈ ಇಳಿಜಾರನ್ನು ಅರಿತವರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿಬಿದ್ದರೆ ಕೆಳಗಿನದು ತುಂಬುವುದು. ಏರಿ, ತೂಬು, ಕೋಡಿ, ಕಾಲುವೆ ಇವೆಲ್ಲವನ್ನೂ ನೋಡಿಕೊಳ್ಳಲು ನೀರುಗಂಟಿಯೊಬ್ಬನಿದ್ದನು.

1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿಯದು. ಬೆಳೆಯುವ ನಗರಕ್ಕೆ ನೀರು ತಂದುದು ತಪ್ಪೆಂದು ಯಾರೂ ಹೇಳರು. ಆದರೆ ಅಗತ್ಯ ತೀರಿದೊಡನೆ ಕೃತಜ್ಞತೆಯೂ ತೀರಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ವಸತಿಗಳೆದ್ದವು. ಉಳಿದ ರಾಜಕಾಲುವೆಗಳು ಚರಂಡಿಗಳಾದವು. ಆ ಕಣಿವೆಯ ತುದಿಯಲ್ಲಿದ್ದ ಬೆಳ್ಳಂದೂರು, ಮೇಲಿನವರು ಬಿಟ್ಟುದನ್ನೆಲ್ಲ ನುಂಗಬೇಕಾಯಿತು.

ಈಗ ಕೆರೆಗಳ ಮೇಲೆ ಹೊಸ ಅಕ್ಕರೆ ಹುಟ್ಟಿದೆ. ಸುತ್ತ ಬೇಲಿ, ದೀಪ, ವಾಯುವಿಹಾರದ ಹಾದಿ, ಬಾಗಿಲಿಗೊಂದು ಕಮಾನು. ಇವನ್ನು ನಾನು ಹಳಿಯಲಾರೆ. ಬೇಲಿಯಿಂದ ಒತ್ತುವರಿಯಾದರೂ ನಿಂತೀತು. ಆದರೆ ಮೇಲಿನ ಕಾಲುವೆ ಮುಚ್ಚಿ, ಕೆಳಗಿನ ಕೋಡಿ ಕಟ್ಟಿಹೋಗಿದ್ದರೆ ಅದು ಕೆರೆಯಲ್ಲ, ತೊಟ್ಟಿ. 2022ರ ಸೆಪ್ಟೆಂಬರಿನ ಮಳೆಗೆ ಊರಿನ ಮೂಡಣ ಬಡಾವಣೆಗಳು ಮುಳುಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. 2024ರ ಬೇಸಗೆಯಲ್ಲಿ ಅದೇ ನಗರ ಕುಡಿಯುವ ನೀರಿಗೆ ಪರದಾಡಿತು. ಎರಡು ವರ್ಷದೊಳಗೆ ಮುಳುಗಿದ್ದೂ ಬಾಯಾರಿದ್ದೂ ಒಂದೇ ಊರು. ಮಳೆಯನ್ನು ಬೈದು ಪ್ರಯೋಜನವೇನು?

ಬಸ್ ನಿಲ್ದಾಣವನ್ನು ಕೆಡವಿ ಕೆರೆ ತೋಡಬೇಕೆ ಎಂದು ವಾಚಕರು ಕೇಳಬಹುದು. ಅದು ಆಗದ ಮಾತು. ನಾನು ಅದನ್ನು ಬೇಡುತ್ತಲೂ ಇಲ್ಲ. ಉಳಿದಿರುವ ಕೆರೆಗಳಲ್ಲಿ ಕೆಲಸದ ಕ್ರಮ ಮಾತ್ರ ಬದಲಾಗಲಿ. ಮೊದಲು ಕಾಲುವೆ, ಆಮೇಲೆ ಹೂದೋಟ. ಕೊಳಚೆ ಶುದ್ಧಿಯಾದ ಮೇಲೆಯೇ ಕೆರೆಯೊಳಕ್ಕೆ ಬರಲಿ. ಪ್ರತಿ ಕೆರೆಗೂ ಸಂಬಳ ಪಡೆದು ಉತ್ತರ ಹೇಳಬಲ್ಲ ನೀರುಗಂಟಿಯೊಬ್ಬನಿರಲಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಶುದ್ಧಿ ಸಾಲದೆಂಬ ಆಕ್ಷೇಪ ಅದರ ಮೇಲುಂಟು. ಆ ಆಕ್ಷೇಪಕ್ಕೆ ಸಮಾಧಾನ ದೊರೆಯಲೇಬೇಕು. ಆದರೂ ಕೆರೆಯಿಂದ ಕೆರೆಗೆ ನೀರು ದಾಟಿಸುವ ವಿದ್ಯೆ ನಮ್ಮಲ್ಲಿ ಸತ್ತಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಕೆರೆಗೆ ಕೀರ್ತಿ ಬೇಕಿಲ್ಲ. ತನ್ನ ಮೇಲಿನ ಕೆರೆಯೊಡನೆಯೂ ಕೆಳಗಿನ ಕೆರೆಯೊಡನೆಯೂ ಅದರ ನಂಟು ಉಳಿದರೆ ಸಾಕು.